ಒಂದೇ ಮರ, ಬೇರೆ ಬೇರೆ ಮದ್ದು

ಈ ಗಾಜಿನ ಪೆಟ್ಟಿಗೆಯಲ್ಲಿರುವುದು ಚೀನೀ ವೈದ್ಯದ ಕಿತ್ತಳೆ ಮದ್ದುಗಳು. ಎಡತುದಿಯ ಗಟ್ಟಿ ಉಂಡೆಗಳು ‘ಝಿ ಶಿ’: ಮೇ–ಜೂನ್‌ನಲ್ಲಿ ಉದುರಿದ ಕಹಿ ಕಿತ್ತಳೆಯ ಮಿಡಿ. ಪಕ್ಕದ ‘ಝಿ ಚಿಯಾವ್’ ಕೂಡ ಅದೇ ಮರದ್ದು. ಜುಲೈನಲ್ಲಿ ಕಾಯಿ ಇನ್ನೂ ಹಸಿರಿರುವಾಗಲೇ ಕಿತ್ತು, ಅಡ್ಡಕ್ಕೆ ಎರಡು ಹೋಳು ಮಾಡಿ ಒಣಗಿಸಿದ್ದು. ಒಳಗೆ ಒಣಗಿ ಕುಗ್ಗಿದ ತೊಳೆಗಳನ್ನೂ ಸುತ್ತಲಿನ ದಪ್ಪ ಬಿಳಿ ತಿರುಳನ್ನೂ ಗಮನಿಸಿ.

ತಿಂಗಳೆರಡು ತಿಂಗಳ ಅಂತರಕ್ಕೆ ಹೆಸರೇ ಏಕೆ ಬದಲಾಗಬೇಕು? ಉತ್ತರ ಕಾಯಿಯೊಳಗಿನ ರಾಸಾಯನಿಕಗಳಲ್ಲಿದೆ. ಹೆಸ್ಪೆರಿಡಿನ್‌, ನರಿಂಜಿನ್‌ನಂಥ ಫ್ಲೇವನಾಯ್ಡ್‌ಗಳು ಕಾಯಿ ತೀರಾ ಎಳೆಯದಿರುವಾಗಲೇ ಬಹುಪಾಲು ತಯಾರಾಗಿಬಿಡುತ್ತವೆ. ಆಮೇಲೆ ಕಾಯಿ ಹಿಗ್ಗುತ್ತದೆ, ಇವುಗಳ ಸಾಂದ್ರತೆ ಇಳಿಯುತ್ತದೆ. ಸಿನೆಫ್ರಿನ್‌ ಎಂಬ ಉತ್ತೇಜಕದ ಪ್ರಮಾಣವೂ ಮಿಡಿಯಲ್ಲೇ ಹೆಚ್ಚು. ಝಿ ಶಿಯಲ್ಲಿ ಇದು ಶೇ. 0.3ಕ್ಕಿಂತ ಕಡಿಮೆ ಇರಬಾರದೆಂಬುದು ಚೀನಾದ ಔಷಧಕೋಶದ ನಿಯಮ. ಝಿ ಶಿ ತೀಕ್ಷ್ಣ, ಝಿ ಚಿಯಾವ್ ಸೌಮ್ಯ ಎಂದು ಪ್ರಯೋಗಾಲಯಗಳು ಹುಟ್ಟುವ ಎಷ್ಟೋ ಮೊದಲೇ ಅಲ್ಲಿನ ವೈದ್ಯರು ವಿಂಗಡಿಸಿದ್ದರು.

ಬಲಬದಿಯ ಸಿಪ್ಪೆಗಳು ನಮ್ಮ ಕೊಡಗಿನ ಕಿತ್ತಳೆಯ ಜಾತಿಯವೇ. ಕಾಯಿಯ ಹಸಿರು ಸಿಪ್ಪೆ ‘ಚಿಂಗ್ ಪಿ’, ಹಣ್ಣಿನದು ‘ಚೆನ್ ಪಿ’. ಎರಡನೆಯದನ್ನು ವರ್ಷಗಟ್ಟಲೆ ಇಟ್ಟು ಹಳತಾಗಿಸುತ್ತಾರೆ. ಗುವಾಂಗ್‌ಡಾಂಗ್ ಪ್ರಾಂತ್ಯದ ಶಿನ್‌ಹುಯಿ ಇದಕ್ಕೆ ಹೆಸರುವಾಸಿ.

2004ರಲ್ಲಿ ಅಮೆರಿಕ ಎಫೆಡ್ರಾ ಎಂಬ ಉತ್ತೇಜಕ ಮೂಲಿಕೆ ಬೆರೆತ ಪೂರಕಗಳನ್ನು ನಿಷೇಧಿಸಿದ ಮೇಲೆ ಅದರ ಬದಲಿಗೆ ಕಹಿ ಕಿತ್ತಳೆಯ ಸಾರ ತೂಕ ಇಳಿಸುವ ಮಾತ್ರೆಗಳಿಗೆ ಹೊಕ್ಕಿತು. ಸಿನೆಫ್ರಿನ್‌ ರಕ್ತದೊತ್ತಡ ಏರಿಸಬಲ್ಲದು. ಹೃದ್ರೋಗಿಗಳು ವೈದ್ಯರನ್ನು ಕೇಳದೆ ಇಂಥ ಮಾತ್ರೆ ಸೇವಿಸಬಾರದು.