ಕುದುರೆಯ ಮೂಗಿನ ಕೀವು ಮತ್ತು ಎಕ್ಸ್-ರೇ ಕಥೆ

ಕುದುರೆಯ ಮುಖ ಅಷ್ಟೊಂದು ಉದ್ದ ಯಾಕೆ ಅಂತ ಯೋಚಿಸಿದ್ದೀರಾ? ಅದರಲ್ಲಿ ದೊಡ್ಡ ಪಾಲು ಹಲ್ಲಿಗೆ ಮತ್ತು ಗಾಳಿಗೆ ಸೇರಿದ್ದು. ಕೆನ್ನೆ, ಹಣೆಗಳ ಮೂಳೆಯ ಹಿಂದೆ ಒಂದಕ್ಕೊಂದು ತೆರೆದುಕೊಂಡ ಗಾಳಿಕೋಣೆಗಳಿವೆ. ಇವೇ ಸೈನಸ್‌ಗಳು. ಮೇಲ್ದವಡೆಯ ಕೊನೆಯ ಮೂರ್ನಾಲ್ಕು ಹಲ್ಲುಗಳ ಬೇರು ಈ ಕೋಣೆಗಳಲ್ಲೇ ಇರುತ್ತದೆ. ಒಂದು ಬೇರು ಕೊಳೆತರೆ ಸಾಕು, ಕೋಣೆಯಲ್ಲಿ ಕೀವು ತುಂಬಿ ಅದೇ ಬದಿಯ ಮೂಗಿನಿಂದ ನಾರುತ್ತಾ ಇಳಿಯುತ್ತದೆ.

ಹಿಂದಿನ ಕಾಲದಲ್ಲಿ ಮೂಗಿನ ಕೀವು ಅಂದರೆ ಲಾಯಕ್ಕೆ ಲಾಯವೇ ನಡುಗುತ್ತಿತ್ತು. ಗ್ಲಾಂಡರ್ಸ್ ಎಂಬ ಮಾರಕ ಅಂಟುರೋಗದ ಲಕ್ಷಣವೂ ಅದೇ. ಆ ರೋಗ ಮನುಷ್ಯರಿಗೂ ತಗಲುತ್ತದೆ. ಬರೀ ಹಲ್ಲುನೋವಿನ ಕುದುರೆಗೆ ಆ ಹೆಸರು ಅಂಟಿದರೆ ಅದರ ಕಥೆ ಮುಗಿದಂತೆ. ಪ್ಯಾರಿಸ್ಸಿನ ಲಾಫೋಸ್ 1749ರಲ್ಲಿ, ಈ ರೋಗದ ನೆಲೆ ಮೂಗಿನ ಒಳಪೊರೆಯಲ್ಲಿದೆ ಎಂದು ವಾದಿಸಿ, ಸೈನಸ್ಸಿಗೆ ರಂಧ್ರ ಕೊರೆದು ತೊಳೆಯುವ ಚಿಕಿತ್ಸೆ ಹೇಳಿದ. ಗ್ಲಾಂಡರ್ಸ್‌ನ ರೋಗಾಣು ಸಿಕ್ಕಿದ್ದು 1882ರಲ್ಲಿ. ಆದರೆ ಮುಚ್ಚಿದ ಮೂಳೆಯ ಹಿಂದೆ ಏನಿದೆ ಎಂದು ತಿಳಿಯಲು ಆಗಲೂ ಇದ್ದದ್ದು ಬೆರಳು ಮತ್ತು ಕಿವಿ. ತೆಂಗಿನಕಾಯಿ ತಟ್ಟಿ ನೋಡುತ್ತೇವಲ್ಲ, ಹಾಗೆ ಕೆನ್ನೆ ತಟ್ಟುವುದು. ಪೊಳ್ಳು ಸದ್ದು ಬಂದರೆ ಗಾಳಿ, ಮಂದವಾದರೆ ಕೀವು.

ನಮ್ಮ ಮುಂಬಯಿಯ ಪರೇಲಿನಲ್ಲಿ 1886ರಲ್ಲಿ ಪಶುವೈದ್ಯ ಕಾಲೇಜು ಶುರುವಾದಾಗಲೂ ಸ್ಥಿತಿ ಇದೇ. ಆಗ ಊರಿನ ಟ್ರಾಮುಗಳನ್ನು ಎಳೆಯುತ್ತಿದ್ದದ್ದೂ ಕುದುರೆಗಳೇ ನೋಡಿ.

1895ರ ನವೆಂಬರಿನಲ್ಲಿ ಜರ್ಮನಿಯ ರಾಂಟ್ಜೆನ್ ಎಕ್ಸ್-ಕಿರಣ ಕಂಡುಹಿಡಿದ. ಮರುವರ್ಷವೇ ಬರ್ಲಿನ್ನಿನಲ್ಲಿ ಎಬರ್ಲೈನ್, ಲಂಡನ್ನಿನಲ್ಲಿ ಹಾಬ್ಡೇ ಪಶುವೈದ್ಯದಲ್ಲಿ ಅದನ್ನು ಬಳಸಿ ನೋಡಿದರು. ಕುದುರೆಯಲ್ಲಿ ಮೊದಲ ಗಮನ ಹೋದದ್ದು ಗೊರಸು, ಕಾಲುಗಳ ಕಡೆಗೆ. ಒಂದು ಚಿತ್ರಕ್ಕೆ ನಿಮಿಷಗಟ್ಟಲೆ ಬೇಕಾಗುತ್ತಿದ್ದ ಕಾಲ ಅದು. ಅಷ್ಟು ಹೊತ್ತು ತಲೆ ಅಲ್ಲಾಡಿಸದೆ ನಿಲ್ಲು ಅಂತ ಕುದುರೆಗೆ ಹೇಳುವವರು ಯಾರು?

ಯಂತ್ರಗಳು ಚುರುಕಾದ ಮೇಲೆ ಒಂದು ಸ್ವಾರಸ್ಯ ಗೊತ್ತಾಯಿತು. ಕುದುರೆಯ ಸೊಂಟದ ಚಿತ್ರಕ್ಕೆ ಭಾರೀ ಯಂತ್ರ ಬೇಕು. ತಲೆಯಲ್ಲಿ ಗಾಳಿ ತುಂಬಿರುವುದರಿಂದ ಲಾಯಕ್ಕೆ ಒಯ್ಯುವ ಸಣ್ಣ ಯಂತ್ರವೇ ಸಾಕು. ಗಾಳಿ ಕಪ್ಪಾಗಿ, ಮೂಳೆ ಬೆಳ್ಳಗೆ ಕಾಣುತ್ತದೆ. ಕುದುರೆಯನ್ನು ನಿಲ್ಲಿಸಿಯೇ, ಕಿರಣವನ್ನು ನೆಲಕ್ಕೆ ಸಮಾಂತರವಾಗಿ ಬಿಟ್ಟರೆ, ಸೈನಸ್ಸಿನ ಕೀವು ಲೋಟದಲ್ಲಿನ ನೀರಿನಂತೆ ಮಟ್ಟಸವಾದ ಗೆರೆಯಾಗಿ ಮೂಡುತ್ತದೆ. ಬೆರಳಿಗೆ ಬರೀ ಮಂದ ಸದ್ದಾಗಿದ್ದದ್ದು ಈಗ ಕಣ್ಣಿಗೇ ಕಾಣುವಂತಾಯಿತು!

ಆದರೂ ಅದು ನೆರಳು. ಎಡ, ಬಲ ಕೋಣೆಗಳು ಒಂದರ ಮೇಲೊಂದು ಬೀಳುತ್ತವೆ. ಅದಕ್ಕೇ ಓರೆಯಾಗಿ, ಮೇಲಿನಿಂದ ಎಂದು ಹಲವು ಕೋನಗಳಲ್ಲಿ ತೆಗೆಯುತ್ತಾರೆ. ವಯಸ್ಸೂ ಮೋಸ ಮಾಡುತ್ತದೆ. ಎಳೆಯ ಕುದುರೆಯಲ್ಲಿ ಉದ್ದನೆಯ ಹಲ್ಲುಗಳೇ ಕೋಣೆಯ ಜಾಗ ಹಿಡಿದಿರುತ್ತವೆ. ಹಲ್ಲು ಸವೆದಂತೆ ಗಾಳಿಯ ಜಾಗ ಹಿಗ್ಗುತ್ತದೆ. ಇದು ತಿಳಿಯದವರಿಗೆ ಆರೋಗ್ಯವೇ ರೋಗದಂತೆ ಕಂಡೀತು.

1971ರಲ್ಲಿ ಮನುಷ್ಯನ ತಲೆಗೆ ಮೊದಲು ಬಂದ ಸಿ.ಟಿ. ಸ್ಕ್ಯಾನ್ ಈಗ ಕುದುರೆಗೂ ಇದೆ. ಎಕ್ಸ್-ರೇ ತಪ್ಪಿಸಿಕೊಂಡ ಹಲ್ಲಿನ ಬೇರನ್ನೂ ಅದು ತೋರಿಸುತ್ತದೆ. ಆದರೆ ಅದು ದೊಡ್ಡ ಆಸ್ಪತ್ರೆಯ ಮಾತು. ಲಾಯಕ್ಕೆ ಬರುವ ವೈದ್ಯರ ಕೈಗೆ ಸಿಗುವುದು ಇವತ್ತಿಗೂ ಆ ಸಣ್ಣ ಯಂತ್ರವೇ. ಅದನ್ನು ಹಿಡಿಯುವ ಮುನ್ನ ಅವರು ಕುದುರೆಯ ಕೆನ್ನೆಯನ್ನು ಬೆರಳಿಂದ ತಟ್ಟಿ, ಕಿವಿಗೊಟ್ಟು ಕೇಳುತ್ತಾರೆ.