35 ವರ್ಷವಾದ್ರೂ ಮುದಿಯಾಗದ ಮಿಯಾಟಾ

ಸ್ಪೋರ್ಟ್ಸ್ ಕಾರು ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಬರೋದು ಏನು? ಫೆರಾರಿ, ಲ್ಯಾಂಬೋರ್ಗಿನಿ. ಕೋಟಿ ಕೋಟಿ ಬೆಲೆ, ಕಿವಿ ಗಡಚಿಕ್ಕೋ ಸದ್ದು. ಆದ್ರೆ ಎರಡು ಸೀಟಿನ ತೆರೆದ ಸ್ಪೋರ್ಟ್ಸ್ ಕಾರುಗಳ ಪೈಕಿ ಪ್ರಪಂಚದಲ್ಲೇ ಅತಿ ಹೆಚ್ಚು ಮಾರಾಟವಾಗಿರೋದು ಯಾವುದು ಗೊತ್ತಾ? ಜಪಾನಿನ ಪುಟ್ಟ ಮಾಜ್ದಾ. ಅಮೆರಿಕದವರು ಅದನ್ನ ಮಿಯಾಟಾ ಅಂತಾರೆ, ಯುರೋಪಿನವರು ಎಂಎಕ್ಸ್-5 ಅಂತಾರೆ, ಜಪಾನಿನಲ್ಲಿ ಅದು ರೋಡ್‌ಸ್ಟರ್. 2016ರ ಏಪ್ರಿಲ್ 22ರಂದು ಈ ಮಾದರಿಯ 10 ಲಕ್ಷನೇ ಕಾರು ಕಾರ್ಖಾನೆಯಿಂದ ಹೊರಗೆ ಬಂತು.

ಆ ಕಾರ್ಖಾನೆ ಇರೋ ಊರು ಯಾವುದು? ಹಿರೋಶಿಮಾ. ಹೌದು, ಅದೇ ಹಿರೋಶಿಮಾ.

ಕಥೆ ಅಲ್ಲಿಂದಲೇ ಶುರು ಮಾಡಬೇಕು. 1920ರಲ್ಲಿ ಕಾರ್ಕ್ ತಯಾರಿಸೋಕೆ ಅಂತ ಹುಟ್ಟಿದ ಕಂಪನಿ ಇದು. ಆಗ ಇದರ ಹೆಸರಲ್ಲಿ ಮಾಜ್ದಾ ಇರಲಿಲ್ಲ. ಕೆಲವೇ ವರ್ಷಗಳಲ್ಲಿ ಟೋಯೋ ಕೋಗ್ಯೋ ಅಂತ ಹೆಸರಾಯ್ತು. 1931ರಲ್ಲಿ ಮೂರು ಚಕ್ರದ ಸರಕು ಗಾಡಿ ಮಾಡೋಕೆ ಶುರು ಮಾಡಿದ್ರು. 1945ರ ಆಗಸ್ಟ್ 6, ಬೆಳಗ್ಗೆ 8 ಗಂಟೆ 15 ನಿಮಿಷ. ಅಣುಬಾಂಬ್ ಬಿತ್ತು. ಊರು ಬೂದಿಯಾಯ್ತು. ಕಾರ್ಖಾನೆ ಇದ್ದದ್ದು ಊರಿನ ಪೂರ್ವದ ಅಂಚಿನಲ್ಲಿ. ನಡುವೆ ಹಿಜಿಯಾಮಾ ಅನ್ನೋ ಗುಡ್ಡ ಅಡ್ಡ ಇತ್ತು. ಆ ಗುಡ್ಡದ ಮರೆಯಲ್ಲಿ ಕಟ್ಟಡಗಳು ಬಹುಮಟ್ಟಿಗೆ ಉಳ್ಕೊಂಡವು. ಊರಲ್ಲಿ ಸರ್ಕಾರಿ ಕಚೇರಿಗೇ ಜಾಗ ಇಲ್ಲದಂತಾಗಿತ್ತು. ತಿಂಗಳುಗಟ್ಟಲೆ ಪ್ರಾಂತ್ಯದ ಆಡಳಿತ ನಡೆದದ್ದು ಇದೇ ಕಾರ್ಖಾನೆಯ ಕಟ್ಟಡದಲ್ಲಿ. ಅಷ್ಟೆಲ್ಲಾ ಆದ್ರೂ ಅದೇ ವರ್ಷ ಡಿಸೆಂಬರ್‌ನಲ್ಲಿ ಮೂರು ಚಕ್ರದ ಗಾಡಿಗಳ ತಯಾರಿಕೆ ಮತ್ತೆ ಶುರುವಾಯ್ತು!

ಮರು ವರ್ಷ ಕೆಲಸಕ್ಕೆ ಸೇರಿದ ಒಬ್ಬ ಯುವಕನ ಹೆಸರು ಕೆನಿಚಿ ಯಮಾಮೊಟೊ. ಓದಿದ್ದು ಟೋಕಿಯೋ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್, ಸಿಕ್ಕಿದ್ದು ಮೂರು ಚಕ್ರದ ಗಾಡಿಗೆ ಗೇರ್‌ಬಾಕ್ಸ್ ಜೋಡಿಸೋ ಕೆಲಸ. ಈ ಮನುಷ್ಯನೇ ಮುಂದೆ ರೋಟರಿ ಎಂಜಿನ್ ತಂಡದ ನಾಯಕನಾದ್ರು, 1984ರಲ್ಲಿ ಕಂಪನಿಯ ಅಧ್ಯಕ್ಷರೂ ಆದ್ರು. ಈ ಹೆಸರು ನೆನಪಿಟ್ಕೊಳ್ಳಿ.

ಈಗ ಇಂಗ್ಲೆಂಡಿಗೆ ಹೋಗೋಣ. ತಲೆ ಮೇಲೆ ತಗಡಿಲ್ಲದ, ಹಗುರವಾದ, ಮಧ್ಯಮ ವರ್ಗದ ಕೈಗೆಟುಕೋ ಸ್ಪೋರ್ಟ್ಸ್ ಕಾರನ್ನ ಜಗತ್ತಿಗೆ ಕೊಟ್ಟಿದ್ದು ಬ್ರಿಟಿಷರು. ಎಂಜಿ, ಟ್ರಯಂಫ್, 1962ರಲ್ಲಿ ಬಂದ ಲೋಟಸ್ ಇಲಾನ್. ನೋಡೋಕೆ ಚಂದ, ಓಡಿಸೋಕೆ ಇನ್ನೂ ಚಂದ. ಆದ್ರೆ ಆಯಿಲ್ ಸೋರೋದು, ವೈರಿಂಗ್ ಕೈ ಕೊಡೋದು ಮಾಮೂಲಿ ಆಗಿತ್ತು. ಜೊತೆಗೆ ಅಮೆರಿಕದ ಹೊಸ ಸುರಕ್ಷತಾ ನಿಯಮ, ಹೊಗೆ ನಿಯಮ, ತೈಲ ಬಿಕ್ಕಟ್ಟು, ಕಾರ್ಖಾನೆಗಳಲ್ಲಿ ಮುಷ್ಕರ. 1980ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ನಿಂತಿತು. ಅದೇ ಅಕ್ಟೋಬರ್‌ನಲ್ಲಿ ಅಬಿಂಗ್‌ಡನ್‌ನ ಎಂಜಿ ಕಾರ್ಖಾನೆಗೂ ಬೀಗ ಬಿತ್ತು. ಆ ಜಾತಿಯ ಕಾರಿನ ಕಾಲ ಮುಗೀತು ಅಂತಲೇ ಎಲ್ಲರೂ ಅಂದ್ಕೊಂಡ್ರು.

ಮುಗಿದಿಲ್ಲ ಅಂದವನು ಒಬ್ಬ ಪತ್ರಕರ್ತ! ನಮ್ಮ ವೃತ್ತಿಯವನು ಅನ್ನೋದು ನನಗೆ ಸ್ವಲ್ಪ ಹೆಮ್ಮೆ, ಹೇಳಿಬಿಡ್ತೀನಿ. ಅಮೆರಿಕದ ಬಾಬ್ ಹಾಲ್ 1979ರಲ್ಲಿ ಯಮಾಮೊಟೊ ಅವರನ್ನ ಭೇಟಿಯಾದಾಗ, ಹಳೇ ಬ್ರಿಟಿಷ್ ಕಾರುಗಳಂಥ ಸರಳ, ಹಗುರ ಕಾರನ್ನ ನೀವು ಯಾಕೆ ಮಾಡಬಾರದು ಅಂತ ಕೇಳಿದ. ಎರಡು ವರ್ಷದ ನಂತರ ಅದೇ ಹಾಲ್ ಕ್ಯಾಲಿಫೋರ್ನಿಯಾದಲ್ಲಿ ಮಾಜ್ದಾದ ಉದ್ಯೋಗಿ.

ಕಂಪನಿಯೊಳಗೆ ಪೈಪೋಟಿ ನಡೀತು. ಎಂಜಿನ್ ಮುಂದಿದ್ದು ಮುಂದಿನ ಚಕ್ರ ತಿರುಗಬೇಕು ಅಂತ ಒಂದು ಪ್ರಸ್ತಾಪ. ಎಂಜಿನ್ ಮಧ್ಯದಲ್ಲಿರಲಿ ಅಂತ ಇನ್ನೊಂದು. ಕ್ಯಾಲಿಫೋರ್ನಿಯಾದವರದ್ದು ಹಳೇ ಪದ್ಧತಿ: ಎಂಜಿನ್ ಮುಂದೆ, ತಳ್ಳೋ ಶಕ್ತಿ ಹಿಂದಿನ ಚಕ್ರಕ್ಕೆ. ಅವರೇ ಗೆದ್ದರು. 1989ರ ಫೆಬ್ರವರಿಯಲ್ಲಿ ಶಿಕಾಗೋ ಆಟೋ ಶೋನಲ್ಲಿ ಪರದೆ ಸರೀತು. 1.6 ಲೀಟರ್ ಎಂಜಿನ್, 116 ಅಶ್ವಶಕ್ತಿ, ಒಂದು ಟನ್‌ಗೂ ಕಡಿಮೆ ತೂಕ, 13,800 ಡಾಲರ್ ಬೆಲೆ.

116 ಅಶ್ವಶಕ್ತಿ ಏನು ಮಹಾ ಅಂತೀರಾ? ಗುಟ್ಟು ಇರೋದು ತೂಕದಲ್ಲಿ. ತೂಕ ಮುಂದಿನ ಮತ್ತು ಹಿಂದಿನ ಚಕ್ರಗಳ ಮೇಲೆ ಹೆಚ್ಚುಕಮ್ಮಿ ಸಮನಾಗಿ ಬೀಳೋ ಹಾಗೆ ಮಾಡೋಕೆ ಎಂಜಿನ್ನನ್ನ ಹಿಂದಕ್ಕೆ ಸರಿಸಿದ್ರು, ಬ್ಯಾಟರಿಯನ್ನ ಡಿಕ್ಕಿಯಲ್ಲಿಟ್ರು. ಯೋಜನೆಯ ಮುಖ್ಯಸ್ಥ ತೊಶಿಹಿಕೊ ಹಿರಾಯ್ ಅವರ ತಂಡದ ಮಂತ್ರ ಒಂದೇ: ಜಿನ್ಬಾ ಇಟ್ಟಾಯ್. ಅಂದ್ರೆ, ಕುದುರೆ ಮತ್ತು ಸವಾರ ಬೇರೆ ಬೇರೆ ಅಲ್ಲ, ಒಂದೇ ದೇಹ. ನಮ್ಮ ಹಳ್ಳಿಗಳಲ್ಲಿ ಪಳಗಿದ ಗಾಡಿ ಹೊಡೆಯೋನು ಹಗ್ಗ ಜಗ್ಗೋದೇ ಇಲ್ಲ. ಎತ್ತಿಗೆ ಅವನ ಮನಸ್ಸು ಗೊತ್ತಿರುತ್ತೆ. ಅದೇ ಲೆಕ್ಕ.

ಆಮೇಲೆ ಆಗಿದ್ದು ನೋಡಿ. ಸತ್ತೇ ಹೋಯ್ತು ಅಂದಿದ್ದ ಮಾರುಕಟ್ಟೆಗೆ ಎಲ್ಲರೂ ಓಡಿ ಬಂದ್ರು. ಬಿಎಂಡಬ್ಲ್ಯು ಝಡ್3, ಫಿಯೆಟ್ ಬಾರ್ಕೆಟ್ಟಾ, ಪೋರ್ಷೆ ಬಾಕ್ಸ್‌ಟರ್, ಮರ್ಸಿಡಿಸ್ ಎಸ್‌ಎಲ್‌ಕೆ. ಎಂಜಿ ಕೂಡ 1995ರಲ್ಲಿ ವಾಪಸ್ ಬಂತು. ಗುರುವಿಗೆ ಶಿಷ್ಯ ದಾರಿ ತೋರಿಸಿದ ಹಾಗೆ!

ಈ ಪುರಾಣ ಈಗ ಯಾಕೆ? ಅಮೆರಿಕದಲ್ಲಿರುವ ನಮ್ಮ ವೀಕ್ಷಕರೊಬ್ಬರು 1990ರ ಕೆಂಪು ಮಿಯಾಟಾದ ಫೋಟೋ ಕಳಿಸಿದ್ರು. 'ಸರ್, ಕಾರು ನನಗಿಂತ ಹಳೇದು, ತಗೋಬಹುದಾ?' ಅನ್ನೋದು ಅವರ ಪ್ರಶ್ನೆ. ನಾನು ಮೆಕ್ಯಾನಿಕ್ ಅಲ್ಲ. ಆದ್ರೆ ಈ ಕಾರಿನ ದೌರ್ಬಲ್ಯಗಳು ಜಗಜ್ಜಾಹೀರು. ಬಟ್ಟೆಯ ಹುಡ್ ಮಡಚೋ ಜಾಗದಲ್ಲಿ, ಎರಡೂ ಬದಿ, ಮಳೆನೀರು ಇಳಿದುಹೋಗೋಕೆ ಸಣ್ಣ ಕೊಳವೆಗಳಿವೆ. ಅಲ್ಲಿ ಎಲೆ, ಧೂಳು ಕಟ್ಟಿಕೊಂಡ್ರೆ ನೀರು ಒಳಗೇ ನಿಲ್ಲುತ್ತೆ. ಬಾಗಿಲ ಕೆಳಗಿನ ತಗಡು ಒಳಗಿನಿಂದ ತುಕ್ಕು ಹಿಡಿಯುತ್ತೆ. ಹೊರಗಡೆ ಬಣ್ಣ ಫಳಫಳ ಹೊಳೀತಾನೇ ಇರುತ್ತೆ! ಮೊದಲ ಎರಡು ವರ್ಷದ ಎಂಜಿನ್‌ಗಳಲ್ಲಿ ಇನ್ನೊಂದು ಸಮಸ್ಯೆ. ಟೈಮಿಂಗ್ ಬೆಲ್ಟ್ ಬದಲಿಸುವಾಗ ಕ್ರ್ಯಾಂಕ್ ಶಾಫ್ಟ್‌ನ ಬೋಲ್ಟನ್ನ ಸರಿಯಾಗಿ ಬಿಗಿ ಮಾಡದಿದ್ರೆ ಶಾಫ್ಟ್‌ನ ತುದಿಯೇ ಸವೆದು ಹೋಗುತ್ತೆ. ಅಂದ್ರೆ, ಅಜಾಗರೂಕತೆಯಿಂದ ಮಾಡಿದ ರಿಪೇರಿಯೇ ಎಂಜಿನ್ನಿಗೆ ಯಮ.

ಹಾಗಾಗಿ ಅವರಿಗೆ ನಾನು ಹೇಳಿದ್ದು ಇಷ್ಟೇ. ಬಣ್ಣಕ್ಕೆ ಮರುಳಾಗಬೇಡಿ, ಮೀಟರ್ ಒಂದನ್ನೇ ನಂಬಬೇಡಿ. ಹಳೇ ಬಿಲ್‌ಗಳ ಫೈಲ್ ಕೇಳಿ. ಬೆಲ್ಟ್ ಯಾವಾಗ ಬದಲಿಸಿದ್ರು, ಯಾರು ಬದಲಿಸಿದ್ರು ಕೇಳಿ. ಕಾರನ್ನ ಎತ್ತಿಸಿ, ಅಡಿಭಾಗ ನೋಡಿ. ಚೆನ್ನಾಗಿಟ್ಟ ಕಾರು ಅಂದ್ರೆ ಯಾರಿಗೂ ಕಾಣದ ಜಾಗವನ್ನೂ ಒರೆಸಿಟ್ಟ ಕಾರು.

ಇಲ್ಲಿ ತಯಾರಕರ ಪಾತ್ರವೂ ದೊಡ್ಡದು. 2017ರಲ್ಲಿ ಮಾಜ್ದಾ ಒಂದು ಘೋಷಣೆ ಮಾಡ್ತು. ಜಪಾನಿನಲ್ಲಿರುವ ಮೊದಲ ತಲೆಮಾರಿನ ರೋಡ್‌ಸ್ಟರ್‌ಗಳನ್ನ ಕಂಪನಿಯೇ ಬಿಚ್ಚಿ ಹೊಸದರಂತೆ ಮಾಡಿಕೊಡುತ್ತೆ. ನಿಂತುಹೋಗಿದ್ದ ಬಿಡಿಭಾಗಗಳನ್ನ ಮತ್ತೆ ತಯಾರಿಸಿದ್ರು. ಬಟ್ಟೆಯ ಹುಡ್, ಸ್ಟೀರಿಂಗ್, ಕೊನೆಗೆ ಆ ಕಾಲದ ಟೈರ್ ಕೂಡ! ಬ್ರಿಡ್ಜ್‌ಸ್ಟೋನ್ ಹಳೇ ವಿನ್ಯಾಸದಲ್ಲೇ ಟೈರ್ ಮಾಡಿಕೊಡ್ತು. ತಮಾಷೆ ಏನಂದ್ರೆ, ಅದೇ ಜಪಾನಿನಲ್ಲಿ 13 ವರ್ಷ ದಾಟಿದ ಪೆಟ್ರೋಲ್ ಕಾರಿಗೆ ವಾಹನ ತೆರಿಗೆ ಜಾಸ್ತಿ. ಸರ್ಕಾರ ಹಳೇದು ಬಿಡು ಅನ್ನುತ್ತೆ, ಕಂಪನಿ ಇಟ್ಕೋ ಅನ್ನುತ್ತೆ.

ನಮ್ಮಲ್ಲೂ ಇದೇ ಚರ್ಚೆ ಇದೆ ಅಲ್ವಾ? ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ವಾಹನಗಳನ್ನ ರಸ್ತೆಯಿಂದ ಇಳಿಸೋ ಆದೇಶವನ್ನ 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡೀತು. ಹೊಗೆ ಕುಡಿದು ಸಾಯೋ ಮಕ್ಕಳ ಮುಂದೆ ಹಳೇ ಕಾರಿನ ಪ್ರೀತಿ ದೊಡ್ಡದಲ್ಲ, ಒಪ್ಪೋಣ. ಹೊಗೆ ಉಗುಳೋ ಗಾಡಿ 5 ವರ್ಷದ್ದಾದ್ರೂ ಗುಜರಿಗೆ ಹೋಗಲಿ. ಆದ್ರೆ ವರ್ಷ ಎಣಿಸೋದು ಸುಲಭ, ಸ್ಥಿತಿ ಪರೀಕ್ಷಿಸೋದು ಕಷ್ಟ. ಸುಲಭದ ದಾರಿಯಲ್ಲಿ ಹೋದಾಗ, ಒಬ್ಬ ನಿವೃತ್ತ ಮೇಷ್ಟ್ರು ಭಾನುವಾರಕ್ಕೊಮ್ಮೆ ತೊಳೆದು, ವರ್ಷಕ್ಕೊಮ್ಮೆ ಸರ್ವೀಸ್ ಮಾಡಿಸಿದ ಕಾರಿಗೂ, ಆಯಿಲ್ ಮುಖವನ್ನೇ ನೋಡದ ಕಾರಿಗೂ ಒಂದೇ ಶಿಕ್ಷೆ ಆಗುತ್ತೆ. ಜೋಪಾನವಾಗಿ ಇಟ್ಟುಕೊಂಡವನಿಗೆ ಕಾನೂನಿನಲ್ಲಿ ಒಂದು ಅಂಕವೂ ಇಲ್ಲ ಅಂದ್ರೆ, ನಾಳೆ ಯಾರು ಜೋಪಾನ ಮಾಡ್ತಾರೆ?

ಯಮಾಮೊಟೊ 2017ರ ಡಿಸೆಂಬರ್‌ನಲ್ಲಿ, 95ನೇ ವಯಸ್ಸಿನಲ್ಲಿ ತೀರಿಕೊಂಡ್ರು. ಬೂದಿಯಾದ ಊರಿನಲ್ಲಿ ಮೂರು ಚಕ್ರದ ಗಾಡಿಗೆ ಗೇರ್‌ಬಾಕ್ಸ್ ಜೋಡಿಸಿದ ಆ ಕೈಗೆ, ಇರೋದನ್ನ ಉಳಿಸಿಕೊಳ್ಳೋದು ಅಂದ್ರೇನು ಅಂತ ಯಾರೂ ಪಾಠ ಹೇಳಬೇಕಿರಲಿಲ್ಲ. ನಮಗೆ ಹೇಳಬೇಕಾಗಿದೆ.