ಆರು ತಿಂಗಳ ಲೆಕ್ಕ

ಡೊಂಬಿವಲಿ, ಕಲ್ಯಾಣದಲ್ಲಿ ರೂಮು ಮಾಡಿಕೊಂಡಿರುವ ನಮ್ಮ ಹುಡುಗರ ನಡುವೆ ಒಂದು ಲೆಕ್ಕ ಇನ್ನೂ ಓಡಾಡುತ್ತಿದೆ: ಕಾಂಡೋಮ್ ಇಲ್ಲದೆ ಯಾರ ಜೊತೆಗಾದರೂ ಮಲಗಿದರೆ, ಎಚ್‌ಐವಿ ತಗುಲಿದೆಯೋ ಇಲ್ಲವೋ ತಿಳಿಯಲು ಆರು ತಿಂಗಳು ಕಾಯಬೇಕು. ಈ ಆರು ತಿಂಗಳು ಎಲ್ಲಿಂದ ಬಂತು?

1985ರಲ್ಲಿ ಬಂದ ಮೊದಲ ಎಲೈಸಾ ಪರೀಕ್ಷೆ ವೈರಸ್ಸನ್ನು ಹುಡುಕುತ್ತಿರಲಿಲ್ಲ, ಅದರ ವಿರುದ್ಧ ದೇಹದಲ್ಲಿ ಹುಟ್ಟುವ ಪ್ರತಿಕಾಯಗಳನ್ನು ಹುಡುಕುತ್ತಿತ್ತು. ಅವು ಹುಟ್ಟುವವರೆಗೆ ಸೋಂಕಿದ್ದರೂ ವರದಿ ನೆಗೆಟಿವ್. ಆ ಕಾಲದ ಎಚ್ಚರಿಕೆಯೇ ಈ ಆರು ತಿಂಗಳು. ಈಗಿನ ನಾಲ್ಕನೇ ತಲೆಮಾರಿನ ಲ್ಯಾಬ್ ಪರೀಕ್ಷೆ ವೈರಸ್ಸಿನದೇ ಆದ ಪಿ24 ಪ್ರೋಟೀನನ್ನೂ ಹಿಡಿಯುತ್ತದೆ. 45 ದಿನದ ಮೇಲೆ ಬಂದ ನೆಗೆಟಿವ್ ನಂಬಬಹುದು. ಬೆರಳು ಚುಚ್ಚುವ ರ‍್ಯಾಪಿಡ್ ಪರೀಕ್ಷೆಯಾದರೆ ಮೂರು ತಿಂಗಳು.

ಕಿಟ್ ಬದಲಾದಷ್ಟು ಬೇಗ ಭಯ ಬದಲಾಗಲಿಲ್ಲ. ಅದಕ್ಕೆ ಕಾರಣವೂ ಇತ್ತು. 1989ರಲ್ಲಿ ಗೋವಾದ ಡೊಮಿನಿಕ್ ಡಿಸೋಜಾ ರಕ್ತದಾನ ಮಾಡಿದ್ದೇ ತಪ್ಪಾಯಿತು. ರಕ್ತದಲ್ಲಿ ಎಚ್‌ಐವಿ ಕಂಡಿತೆಂದು ಪೊಲೀಸರು ಕರೆದೊಯ್ದರು. ಹಳೆಯ ಕ್ಷಯರೋಗ ಆಸ್ಪತ್ರೆಯ ಕಟ್ಟಡದಲ್ಲಿ 64 ದಿನ ಕೂಡಿಹಾಕಿದರು. ಪರೀಕ್ಷೆಯೆಂದರೆ ಸೆರೆ! 1997ರಲ್ಲಿ ಬಾಂಬೆ ಹೈಕೋರ್ಟು ಬೇರೆ ದಾರಿ ಹಿಡಿಯಿತು. ಎಚ್‌ಐವಿ ಇದೆಯೆಂದು ಕೆಲಸ ಕಳೆದುಕೊಂಡ ದಿನಗೂಲಿಯೊಬ್ಬನ ಹೆಸರನ್ನು ಮರೆಮಾಡಿ, ಬರೀ 'ಎಂಎಕ್ಸ್' ಎಂದು ಬರೆದು, ಅವನ ಪರ ತೀರ್ಪು ಕೊಟ್ಟಿತು. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡಬಾರದು, ಫಲಿತಾಂಶ ಹೊರಗೆ ಹೇಳಬಾರದು ಎಂಬ 2017ರ ಕಾಯ್ದೆ ಜಾರಿಗೆ ಬಂದದ್ದು 2018ರ ಸೆಪ್ಟೆಂಬರಿನಲ್ಲಿ.

ಎಚ್‌ಐವಿಗೆ ಹೆದರುವವರು ಉಳಿದ ರೋಗಗಳನ್ನು ಕೇಳುವುದೇ ಇಲ್ಲ. ಸಂಗಾತಿಗೆ ಎಚ್‌ಐವಿ ಇದ್ದು ಚಿಕಿತ್ಸೆ ಇಲ್ಲದಿದ್ದರೂ, ಒಂದು ಸಲದ ಯೋನಿ ಸಂಭೋಗದಲ್ಲಿ ತಗುಲುವ ಸಂಭವ ಸಾವಿರಕ್ಕೆ ಒಂದಕ್ಕಿಂತ ಕಡಿಮೆ. ಗುದ ಸಂಭೋಗದಲ್ಲಿ ಒಳಗೊಳ್ಳುವವರಿಗೆ ನೂರಕ್ಕೆ ಒಂದಕ್ಕಿಂತ ಹೆಚ್ಚು. ಗೊನೊರಿಯಾ, ಸಿಫಿಲಿಸ್ ಇದಕ್ಕಿಂತ ಬಹಳ ಸುಲಭವಾಗಿ ಹರಡುತ್ತವೆ. ಸಿಫಿಲಿಸ್‌ಗೆ ನಮ್ಮ ಹಿರಿಯರು ಪರಂಗಿ ಹುಣ್ಣು ಅನ್ನುತ್ತಿದ್ದರು, ತಪ್ಪೆಲ್ಲ ಪರಂಗಿಯವರದು ಎಂಬಂತೆ. (ನಾವಿರುವ ಠಾಣೆ 1737ರವರೆಗೆ ಆ ಪರಂಗಿಯವರ ಕೈಯಲ್ಲೇ ಇತ್ತು.) ಅದಕ್ಕೆ ರಕ್ತಪರೀಕ್ಷೆಯಿದೆ, ಪೆನಿಸಿಲಿನ್ನಿನಿಂದ ಗುಣವಾಗುತ್ತದೆ.

ಡೊಂಬಿವಲಿಯಲ್ಲಿ ಊರಿನವರು ಯಾರಾದರೂ ನೋಡಿಬಿಟ್ಟಾರೆಂದು ಲೋಕಲ್ ಹತ್ತಿ ಠಾಣೆಗೆ ಹೋಗಿ ಪರೀಕ್ಷೆ ಮಾಡಿಸಿದವರನ್ನು ಬಲ್ಲೆ. ಹೋಗಲಿ, ಅದರಲ್ಲೇನೂ ತಪ್ಪಿಲ್ಲ. ಸರಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ ಪರೀಕ್ಷೆ ಪುಕ್ಕಟೆ, 1097ಕ್ಕೆ ಫೋನ್ ಮಾಡಿಯೂ ವಿಚಾರಿಸಬಹುದು. ಆದರೆ ಸೋಂಕು ತಡೆಯುವ ಮಾತ್ರೆ, ಅಂದರೆ ಪೆಪ್, 72 ಗಂಟೆಯೊಳಗೆ ಶುರುವಾಗಬೇಕು, ಮೊದಲ ದಿನವೇ ಆದರೆ ಒಳ್ಳೆಯದು. 28 ದಿನ ನುಂಗಬೇಕು. ಅದನ್ನು ತೆಗೆದುಕೊಂಡವರು 45 ದಿನವನ್ನು ಎಣಿಸಬೇಕಾದದ್ದು ಕೊನೆಯ ಮಾತ್ರೆಯಿಂದ.